ಗೋಧಿ ನೆನಿ ಇಟ್ಟ ಮೂರನೇ ದಿನ

ಯುಗಾದಿ ದಾಟಿತಂದ್ರ ನಮ್ಮ ಬೆಟಗೇರಿ ಕಡೆ ಯಾರ ಮನಿ ಮಾಳಿಗಿನೂ ಖಾಲಿ ಇರೂದಿಲ್ಲ. ಶ್ಯಾವಿಗಿ, ಹಪ್ಪಳ, ಸಂಡಿಗಿ, ಕುರಡಗಿ, ಒಂದಾದ ಮ್ಯಾಲೆ ಒಂದು ಬಿಸಲಿಗೆ ಬೀಳತಾವ. ಇವುಗಳೊಳಗ ಕುರಡಗಿ ಮಾತ್ರ ಮೂಗಿನ ಕೆಲಸ. ಗೋಧಿ ತೊಳದು ನೆನಿ ಇಡಬೇಕು, ದಿನಾ ನೀರು ಬದಲಿ ಮಾಡಬೇಕು. ಮೂರನೇ ದಿನ ಮುಚ್ಚಳ ತಗದ್ರ ಹುಳಿ ವಾಸನಿ ಮೂಗಿಗೆ ಬರಬೇಕು, ನೀರಿನ ಮ್ಯಾಲೆ ಸಣ್ಣ ನೊರಿ ಕೂತಿರಬೇಕು. ಕಾಳು ಎರಡು ಬಟ್ಟಿನ ನಡುವ ಹಿಚುಕಿದ್ರ ಬಿಳೀ ಹಾಲು ಚಿಮ್ಮಬೇಕು. ಇಷ್ಟು ಆದ ಮ್ಯಾಲೇ ಬೀಸೂದು, ಸೋಸೂದು, ಹಾಲು ತಳಕ್ಕ ಕುಂದ್ರಾಕ ಬಿಡೂದು, ಕುದಿಸಿ ಒರಳಾಗ ಹಾಕಿ ಒತ್ತೂದು.

ಹೋದ ಬ್ಯಾಸಗಿಯೊಳಗ ಬೆಂಗಳೂರಾಗ ನಮ್ಮ ತಂಗಿ ಮಗಳ ಮನಿಗೆ ಹೋದಾಗ ಈ ಮೂರನೇ ದಿನದ ವಾಸನಿ ಒಂದು ಉದ್ದನ ಗಾಜಿನ ಗ್ಲಾಸಿನೊಳಗಿಂದ ಬಂತು. ಏನವ್ವಾ ಇದು ಅಂದೆ. ‘ದೊಡ್ಡವ್ವಾ, ಗೋಧಿ ಬಿಯರ್. ಬ್ಯಾಸಗ್ಯಾಗ ಎಲ್ಲಾರೂ ಇದನ್ನ ಕುಡಿಯೂದು’ ಅಂದ್ಲು. ಒಂದು ಗುಟುಕು ಕುಡದು ನೋಡಿದೆ. ಬೈಯಬೇಕನ್ನೋರು ಮನಿಗೆ ಬಂದು ಬೈರಿ, ಚಹಾ ಮಾಡ್ತೀನಿ. ಕುಡದಿದ್ದಕ್ಕ ಈ ಬರಹ ಹುಟ್ಟಿತು, ಯಾಕಂದ್ರ ಅವತ್ತಿನಿಂದ ಒಂದು ಪ್ರಶ್ನೆ ತಲಿಯಾಗ ಕೂತೈತಿ: ಗೋಧಿ ಹುಳಿ ಬರಿಸೂದು ನಮಗ ಗೊತ್ತು, ಮೊಳಕಿ ಕಟ್ಟಿ ಒಣಗಿಸಿ ಹಿಟ್ಟು ಮಾಡೂದು ಗೊತ್ತು, ಹುಳಿ ಅಂಬಲಿ ಗೊತ್ತು. ಇಷ್ಟು ಗೊತ್ತಿದ್ದ ಮನಿಗಳೊಳಗ ಈ ವಿದ್ಯಾಕ್ಕ ಯಾಕ ಒಂದು ಹೆಸರು, ಒಂದು ಮರ್ಯಾದಿ ಬರಲಿಲ್ಲ?

ಮೊದಲು ಆ ಗ್ಲಾಸಿನ ಮಾತು ಮುಗಸ್ತೀನಿ. ಬಿಯರ್ ರುಚಿ ನೋಡಿ ತೀರ್ಪು ಹೇಳೂದಕ್ಕ ದೊಡ್ಡ ಪದ್ಧತಿನೇ ಐತಿ. ಅಮೆರಿಕಾದಾಗ 1985ರಾಗ ಸುರುವಾದ ಬಿಯರ್ ತೀರ್ಪುಗಾರರ ಒಂದು ಸಂಸ್ಥೆ ಐತಿ, ಅವರ ಅಂಕಪಟ್ಟಿ ಒಟ್ಟು 50ರದು. ವಾಸನಿಗೆ 12, ನೋಟಕ್ಕ 3, ರುಚಿಗೆ 20, ಬಾಯಾಗ ಅದು ಹೆಂಗ ಅನಸತೈತಿ ಅನ್ನೂದಕ್ಕ 5, ಒಟ್ಟಾರೆ ಹೆಂಗೈತಿ ಅನ್ನೂದಕ್ಕ 10. ನೋಟಕ್ಕ ಬರೇ 3 ಇಟ್ಟದ್ದು ನೋಡಿ ನನಗ ಭಾಳ ಸೇರಿತು. ನಮ್ಮಲ್ಲೆ ಹೆಣ್ಣು ನೋಡಾಕ ಬರೋರಿಗೂ ಇದನ್ನ ಕಲಸಬೇಕು.

ಜರ್ಮನಿ ರೀತಿಯ ಗೋಧಿ ಬಿಯರು ತಿಳಿ ಇರಬಾರದು. ನಮ್ಮ ಗೋಧಿ ಹಾಲಿನಂಗ ಕದಡಿರಬೇಕು, ಮ್ಯಾಲೆ ದಪ್ಪನ ನೊರಿ ಲಗೂನ ಇಳಿಯದಂಗ ನಿಂದ್ರಬೇಕು. ವಾಸನ್ಯಾಗ ಬಾಳಿಹಣ್ಣು, ಲವಂಗ ಬರಬೇಕು. ಅದರಾಗ ಬಾಳಿಹಣ್ಣೂ ಹಾಕಿರೂದಿಲ್ಲ, ಲವಂಗಾನೂ ಹಾಕಿರೂದಿಲ್ಲ. ಹುದುಗು ಬರಿಸೋ ಈಸ್ಟ್ ಆ ವಾಸನಿ ತಾನಾಗೇ ಹುಟ್ಟಸತೈತಿ. ಬೆಲ್ಜಿಯಂ ರೀತಿಯದು ಬ್ಯಾರೆ. ಅದಕ್ಕ ಹವೀಜ ಮತ್ತ ಕಿತ್ತಳಿ ಸಿಪ್ಪಿ ಹಾಕತಾರ. ಆ ಬಿಯರು ಒಂದು ಕಾಲಕ್ಕ ನಿಂತೇ ಹೋಗಿತ್ತು. ಹೂಗಾರ್ಡನ್ ಅನ್ನೋ ಊರಾಗ ಪಿಯರ್ ಸೆಲಿಸ್ ಅನ್ನಾಂವ 1966ರಾಗ ಮತ್ತ ಸುರು ಮಾಡಿದ. ಎರಡೂ ರೀತಿಯೊಳಗ ಕಹಿ ಕಡಿಮಿ ಇರಬೇಕು. ಎರಡನ್ನೂ ಹೊಸದಿದ್ದಾಗ ಕುಡೀಬೇಕು. ಹಳೇದಾದ್ರ ನೆನದ ರಟ್ಟಿನ ವಾಸನಿ ಹೊಡೀತೈತಿ, ಅದಕ್ಕ ಅಂಕ ಕಡೀತಾರ.

ನನಗ ಕೊಟ್ಟದ್ದು ಜರ್ಮನಿ ರೀತಿದು. ವಾಸನಿ ಛಲೋ ಇತ್ತು, ಬಾಳಿಹಣ್ಣು ಖರೇನ ಬಂತು. ನಾಲಿಗಿ ಮ್ಯಾಲೆ ಮೆತ್ತಗ ಇತ್ತು. ಆದ್ರ ಹುಳಿ ಏನೇನೂ ಸಾಲಲಿಲ್ಲ, ಮತ್ತ ಕೊನಿಗೆ ಗಂಟಲಾಗ ಒಂದು ಕಹಿ ನಿಂತಿತು. ಉಪ್ಪಿಲ್ಲದ ಅಂಬಲಿ ಕುಡದಂಗ ಆತು. 50ಕ್ಕ 34 ಕೊಟ್ಟೆ. ನಮ್ಮ ತಂಗಿ ಮಗಳು ನಕ್ಕಳು, ಹುಳಿ ಇದ್ರ ಅದು ಕೆಟ್ಟದ್ದು ಅಂತ ಲೆಕ್ಕ ದೊಡ್ಡವ್ವಾ ಅಂದ್ಲು. ಇರಲಿ. ಅವರ ಲೆಕ್ಕ ಅವರಿಗೆ.

ಈಗ ಇತಿಹಾಸಕ್ಕ ಬರೋಣು. ಧಾನ್ಯ ನೆನಸಿ, ಮೊಳಕಿ ಬರಿಸಿ, ಒಣಗಿಸಿ ಹಿಟ್ಟು ಮಾಡಿ, ಬಿಸಿನೀರಾಗ ಕಲಿಸಿದ್ರ ಅದು ತಾನಾಗೇ ಸಿಹಿ ಆಗತೈತಿ. ಕೂಸಿಗೆ ಮಾಲ್ಟ್ ಗಂಜಿ ಕಾಸಿದ ಎಲ್ಲಾರಿಗೂ ಇದು ಗೊತ್ತೈತಿ. ಸಕ್ಕರಿ ಹಾಕದಿದ್ರೂ ಕೂಸು ಚಪ್ಪರಿಸತೈತಿ. ಆ ಸಿಹಿ ನೀರಿಗೆ ಈಸ್ಟ್ ಬಿದ್ದು ಹುದುಗಿದ್ರ ಬಿಯರು. ಇಷ್ಟ ಅದರ ಗುಟ್ಟು. ಯುರೋಪಿನೋರು ಇದಕ್ಕ ಹಾಪ್ಸ್ ಅನ್ನೋ ಬಳ್ಳಿಯ ಹೂವು ಕೂಡಿಸಿದ್ರು, ನನ್ನ ಗಂಟಲಾಗ ನಿಂತ ಕಹಿ ಆ ಹೂವಿಂದು.

ಈಜಿಪ್ಟಿನ ಜನ ಮೂರು ಸಾವಿರ ವರ್ಷದ ಹಿಂದ ಕುಡೀತಿದ್ದ ಬಿಯರು ಯಾವುದರದು ಗೊತ್ತೇನ್ರಿ? ಬಾರ್ಲಿ ಮತ್ತ ಎಮ್ಮರ್ ಗೋಧಿದು. ಡೆಲ್ವಿನ್ ಸ್ಯಾಮ್ಯುಯೆಲ್ ಅನ್ನೋ ವಿದ್ವಾಂಸಿ ಹಳೇ ಗಡಿಗಿಗಳ ತಳಕ್ಕ ಅಂಟಿದ ಗಷ್ಟನ್ನ ಸೂಕ್ಷ್ಮದರ್ಶಕದಾಗ ನೋಡಿ 1996ರಾಗ ಬರದಾಳ. ಮೊಳಕಿ ಬಂದ ಧಾನ್ಯದ ಗುರುತು ಅದರಾಗ ಸಿಕ್ಕಾವ. ಎಮ್ಮರ್ ಅಂದ್ರ ಹೊರಗಿಂದ ಏನಲ್ಲ, ನಮ್ಮ ಜವೆಗೋಧಿ. ಕೆಲವರು ಸದಕ ಅಂತಾರ, ಅಂಗಡ್ಯಾಗ ಖಪಲಿ ಗೋಧಿ ಅಂತ ಮಾರತಾರ. ಹುಗ್ಗಿ ಮಾಡಿದ್ರ ಕಾಳು ಕಾಳು ಬಿಡಿಬಿಡಿಯಾಗಿ ನಿಂದ್ರತೈತಲ್ಲ, ಅದ. ಬಡದ್ರೂ ಲಗೂನ ಹೊಟ್ಟು ಬಿಡೂದಿಲ್ಲ, ಕುಟ್ಟಿ ಕುಟ್ಟಿ ರಟ್ಟಿ ಬಿದ್ದು ಹೋಗತಾವ ಅಂತ ನಮ್ಮ ಆಯಿ ಬೈಕೋತಿದ್ಲು. ಬಿಯರ್ ಮಾಡೋರಿಗೆ ಆ ಹೊಟ್ಟೇ ಒಂದು ಭಾಗ್ಯ. ಬರೇ ಸಾದಾ ಗೋಧಿ ಹಾಕಿದ್ರ ಹೊಟ್ಟಿಲ್ಲದ್ದಕ್ಕ ಅಂಟಾಗಿ ಸೋಸಾಕ ಬರೂದಿಲ್ಲ. ಅದಕ್ಕ ಇವತ್ತಿಗೂ ಗೋಧಿ ಬಿಯರಿಗೆ ಅರ್ಧದಷ್ಟು ಬಾರ್ಲಿ ಕೂಡಸತಾರ, ಅದರ ಹೊಟ್ಟು ಜರಡಿಯಂಗ ಕೆಲಸ ಮಾಡತೈತಿ. ಗೋಧಿ ಹಾಲು ಅರಿವ್ಯಾಗ ಸೋಸೂವಾಗ ಕೈ ಜಿಗಿ ಜಿಗಿ ಆಗಿ ಬ್ಯಾಸರಾದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಳೇ ನಾಡುಗಳೊಳಗ ಇದು ಹೆಣ್ಣಮಕ್ಕಳ ಕೆಲಸ ಆಗಿತ್ತು. ಸುಮೇರಿನ ಜನರಿಗೆ ಬಿಯರಿಗಂತನೇ ನಿಂಕಾಸಿ ಅಂತ ಒಬ್ಬ ದೇವಿ ಇದ್ಲು. ಬ್ಯಾಬಿಲೋನಿನ ಹಮ್ಮುರಾಬಿ ರಾಜನ ಕಾಯ್ದೆ ಕಲ್ಲಿನ್ಯಾಗ ಪಾನದ ಅಂಗಡಿ ನಡಸೂ ಹೆಣ್ಣಮಕ್ಕಳ ಸಲುವಾಗಿ ಬ್ಯಾರೆ ಕಲಮುಗಳೇ ಅದಾವ. ಅಳತ್ಯಾಗ ಮೋಸ ಮಾಡಿದ್ರ ಆಕೀನ ನೀರಿಗೆ ಹಾಕೂದು! ದೇವಿನೂ ಹೆಣ್ಣು, ಶಿಕ್ಷಾನೂ ಹೆಣ್ಣಿಗೆ.

ಗೋಧಿ ಬಿಯರು ಗಂಡಸರ, ಅದರಾಗೂ ದೊರಿಗಳ ಕೈಗೆ ಹೋದ ಕತಿ ಜರ್ಮನಿಯ ಬವೇರಿಯಾದ್ದು. ಅಲ್ಲೆ 1516ರಾಗ ಒಂದು ಕಟ್ಟಳೆ ಬಂತು: ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬ್ಯಾರೆ ಏನೂ ಹಾಕಬಾರದು. ಗೋಧಿ ಬ್ರೆಡ್ಡಿಗೆ ಉಳೀಲಿ ಅನ್ನೂದು ಅದರ ಒಂದು ಕಾರಣ ಅಂತ ಹೇಳತಾರ. ಆದ್ರ ಡೇಗನ್‌ಬರ್ಗ್ ಅನ್ನೋ ಒಂದು ಜಹಗೀರದಾರ ಮನಿತನಕ್ಕ ಮಾತ್ರ ಗೋಧಿ ಬಿಯರಿನ ಹಕ್ಕು ಸಿಕ್ಕಿತು. 1602ರಾಗ ಆ ಮನಿತನದಾಗ ವಾರಸದಾರರು ಉಳೀಲಿಲ್ಲ, ಹಕ್ಕು ಡ್ಯೂಕ್ ಮ್ಯಾಕ್ಸಿಮಿಲಿಯನ್ನನ ಕೈಗೆ ಬಂತು. ಆಂವ ಅದನ್ನ ಖಜಾನಿಗೆ ಕಾಮಧೇನು ಮಾಡಿಕೊಂಡ. ಅದಕ್ಕ ಬ್ಯಾಸಗಿ ಭಾಳ ಸಹಾಯ ಮಾಡಿತು. ಬಾರ್ಲಿ ಬಿಯರಿನ ಈಸ್ಟಿಗೆ ತಂಪು ಬೇಕು, ಸೆಕಿಯೊಳಗ ಕೆಡತೈತಿ ಅಂತ 1553ರ ಇನ್ನೊಂದು ಕಟ್ಟಳೆಯೊಳಗ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ಮಾಡೂದನ್ನೇ ನಿಲ್ಲಿಸಿದ್ರು. ಗೋಧಿ ಬಿಯರಿನ ಈಸ್ಟಿಗೆ ಸೆಕಿ ನಡೀತೈತಿ. ಹಿಂಗಾಗಿ ಎಲ್ಲಾರೂ ಕೈಕಟ್ಟಿ ಕುಂತಾಗ ದೊರಿಯ ಹಂಡೇ ಕುದೀತಿತ್ತು. ಮುಂದ 1872ರಾಗ ಗೇಯಾರ್ಗ್ ಶ್ನೈಡರ್ ಅನ್ನಾಂವ ಎರಡನೇ ಲುಡ್ವಿಗ್ ರಾಜನಿಂದ ಆ ಹಕ್ಕು ಪಡದುಕೊಂಡ ಮ್ಯಾಲೆ ಸಾದಾ ಮಂದಿಗೂ ಅದರ ದಾರಿ ತೆರೀತು. ಗೋಧಿ ಬಿಯರು ಬ್ಯಾಸಗೀದು ಅನ್ನೂ ಮಾತಿನ ಹಿಂದ ಇಂಥಾ ಲೆಕ್ಕಾಚಾರ ಐತಿ.

ನಮ್ಮ ಕಡೆ ಏನಿತ್ತು? ಕೌಟಿಲ್ಯನ ಅರ್ಥಶಾಸ್ತ್ರದಾಗ ಸುರಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಅದಾನ, ಮದ್ಯದ ಖಾತೆ ನೋಡಾಂವ. ಅಧಿಕಾರ ಅವಂದು, ಖರೆ. ಆದ್ರ ಸುರೆ ಮತ್ತ ಕಿಣ್ವದ ಕೆಲಸ ಹೆಂಗಸರು ಮಕ್ಕಳು ಮಾಡಬೇಕು ಅಂತ ಅದ ಅಧ್ಯಾಯದಾಗ ಬರದೈತಿ. ಕಿಣ್ವ ಅಂದ್ರ ಹುದುಗು ಬರಸೂ ಹೆಪ್ಪು. ಈಗ ನಮ್ಮ ಹುಡುಗರು ಸಾಲ್ಯಾಗ ವಿಜ್ಞಾನದ ಪುಸ್ತಕದಾಗ ಓದೂ ಕಿಣ್ವ ಅನ್ನೋ ಶಬ್ದ ಅಲ್ಲಿಂದ ಬಂದದ್ದು. ಆ ಕಿಣ್ವಕ್ಕ ಏನೇನು ಹಾಕಬೇಕು ಅಂತಾನೂ ಐತಿ: ಉದ್ದಿನ ಹಿಟ್ಟು, ಅದಕ್ಕಿಂತ ಮೂರರಾಗ ಒಂದು ಪಾಲು ಹೆಚ್ಚು ಅಕ್ಕಿ, ಜೋಡಿಗೆ ಕೆಲವು ಬೇರು-ಬಳ್ಳಿ. ಬೇರು ಬಳ್ಳಿ ಬಿಟ್ರ ಉಳದದ್ದು ಇಡ್ಲಿ ಸಾಮಾನೇ ಅಲ್ಲೇನು!

ವೈದ್ಯದ ಪುಸ್ತಕಗಳೊಳಗಂತೂ ಧಾನ್ಯ ಹುಳಿ ಬರಿಸಿದ ಪಾನಗಳ ದೊಡ್ಡ ಪಟ್ಟಿನೇ ಐತಿ. ಚರಕ ಸಂಹಿತೆಯೊಳಗ ಧಾನ್ಯದಿಂದ ಆಗೂ ಆರು ನಮೂನಿ ಹೇಳ್ಯಾರ: ಸುರೆ, ಸೌವೀರ, ತುಷೋದಕ, ಮೈರೇಯ, ಮೇದಕ, ಧಾನ್ಯಾಮ್ಲ. 16ನೇ ಶತಮಾನದ ಭಾವಪ್ರಕಾಶದಾಗ ನನಗ ಬೇಕಾದದ್ದು ಸಿಕ್ಕಿತು. ಅದರಾಗ ಆರನಾಳ ಅಂತ ಒಂದು ಐತಿ. ಸಿಪ್ಪಿ ತಗದ ಗೋಧಿ, ಹಸೀದರ ಇರಲಿ ಬೇಯಿಸಿದ್ದರ ಇರಲಿ, ನೀರಾಗ ಹಾಕಿ ಹುಳಿ ಬರಿಸಿದ್ದು. ಮೂರನೇ ದಿನದ ನಮ್ಮ ಕುರಡಗಿ ನೀರಿಗೆ ಹತ್ತಿರದ ಸಂಬಂಧಿ. ನಾವು ಆ ನೀರು ದನದ ಬಾನಿಗೆ ಸುರುವತೇವಿ, ಅವರು ಅದಕ್ಕ ಹೆಸರಿಟ್ಟು ಗುಣ ಬರದು ಇಟ್ರು.

ನಮ್ಮ ನಾಡಿನ ದೊರಿಗಳೂ ಬಾಯಿರುಚಿ ಬಗ್ಗೆ ಬರಿಯೂದರಾಗ ಹಿಂದ ಬಿದ್ದೋರಲ್ಲ. ಲಕ್ಕುಂಡಿ, ಲಕ್ಷ್ಮೇಶ್ವರ ಎಲ್ಲಾ ಕಲ್ಯಾಣದ ಚಾಲುಕ್ಯರ ಕೈಯಾಗಿದ್ದ ಕಾಲಕ್ಕ, 1129ರ ಸುಮಾರಿಗೆ, ಮೂರನೇ ಸೋಮೇಶ್ವರ ಮಾನಸೋಲ್ಲಾಸ ಬರದ. ಊಟಕ್ಕ ಅನ್ನಭೋಗ ಅಂತ ಒಂದು ಅಧ್ಯಾಯ, ಕುಡಿಯೂದಕ್ಕ ಪಾನೀಯಭೋಗ ಅಂತ ಇನ್ನೊಂದು. ಕುಡಿಯೂ ನೀರಿಗೇ ಅಷ್ಟು ವಿಚಾರ ಮಾಡಿದ ರಾಜ ಆಂವ. ಆದ್ರ ನಮ್ಮ ಜನರ ಬಾಯಾಗ ಉಳದದ್ದು ಅರಮನಿ ಪಾನಕ ಅಲ್ಲ. ಮಾದಾರ ಚೆನ್ನಯ್ಯನ ಅಂಬಲಿ. ಚೋಳ ರಾಜನ ಕುದರಿಗೆ ಹುಲ್ಲು ತರತಿದ್ದ ಚೆನ್ನಯ್ಯನ ಮನಿ ಅಂಬಲಿ ಶಿವ ಉಂಡ, ರಾಜನ ಎಡಿ ಬ್ಯಾಡಂದ ಅನ್ನೋ ಕತಿ ಪುರಾಣ ಹಚ್ಚಿದಾಗ ಕೇಳದೋರು ನಮ್ಮೊಳಗ ಯಾರದಾರ? ನನಗ ಮಾತ್ರ ಪ್ರತಿ ಸಲ ಒಂದ ಅನಸತೈತಿ. ನಾ ಕೇಳಿದ ಪುರಾಣದಾಗ ಆ ಅಂಬಲಿ ಹುಳಿ ಬರಿಸಿದ ಕೈ ಯಾರದು ಅಂತ ಒಬ್ಬರೂ ಹೇಳಲಿಲ್ಲ. ಶಿವನ ಕರಸೂವಂಥಾ ಹುಳಿ ಒಂದ ದಿನದಾಗ ಕಲತು ಬರೂದಿಲ್ಲ.

ಆ ಕೈ ಹೆಂಗ ಕೆಲಸ ಮಾಡತೈತಿ ಅನ್ನೂದನ್ನ ನಾ ಮುಂಡರಗಿಯೊಳಗ ನಮ್ಮ ಆಯಿ ಕಡೆ ನೋಡೇನಿ. ಕಪ್ಪತಗುಡ್ಡದ ಕಡಿಂದ ಬಿಸಿ ಗಾಳಿ ಬೀಸೂ ದಿನಗಳು. ರಾತ್ರಿ ಜ್ವಾಳದ ಹಿಟ್ಟು ನೀರಾಗ ಕಲಸಿ ಮಣ್ಣಿನ ಗಡಿಗ್ಯಾಗ ಇಡತಿದ್ಲು. ಆ ಗಡಿಗಿ ಬ್ಯಾರೇದಕ್ಕ ಬಳಸಾಂಗಿಲ್ಲ, ಸಾಬಾಣ ಮುಟ್ಟಸಾಂಗಿಲ್ಲ. ಬರೇ ಬಿಸಿನೀರಾಗ ತೊಳದು ಬಿಸಲಿಗೆ ಬೋರಲ ಹಾಕೂದು. ಗಡಿಗಿ ಗೋಡಿಯೊಳಗ ಹಿಂದಿನ ಹುಳಿ ಉಳಕೊಂಡಿರತೈತಿ, ಅದ ಮುಂದಿನದಕ್ಕ ಹೆಪ್ಪು. ಬ್ಯಾಸಗ್ಯಾಗ ಒಂದು ರಾತ್ರಿ ಸಾಕು, ಥಂಡಿ ದಿನದಾಗ ಎರಡು. ಮುಂಜಾನೆ ಎದ್ದ ಕೂಡ್ಲೆ ಆಕಿ ಮೊದಲು ನೋಡತಿರಲಿಲ್ಲ, ಕೇಳತಿದ್ಲು. ಗಡಿಗಿ ಬಾಯಿಗೆ ಕಿವಿ ಕೊಟ್ರ ಸಣ್ಣಗ ಚಿಟಿ ಚಿಟಿ ಸಪ್ಪಳ. ಆಮ್ಯಾಲೆ ಮೂಗು. ಮೂಗಿನ ಮಾತಿಗೆ ಆಕಿ ಹತ್ರ ನಾಕೈದು ಶಬ್ದ ಇದ್ವು: ‘ಇನ್ನೂ ಹಸಿ ಐತಿ’, ‘ಬಂದೈತಿ’, ‘ಏರೈತಿ’, ‘ಹಳಸೈತಿ’, ಮತ್ತ ಭಾಳ ಕೆಟ್ಟದ್ದಕ್ಕ ‘ಮುಗ್ಗಲ ಹಿಡದೈತಿ’. ಏರಿದ್ದಕ್ಕ ಮ್ಯಾಲಿನ ತಿಳಿ ಚೆಲ್ಲಿ ಹೊಸಾ ನೀರು, ಚೂರು ಹೊಸಾ ಹಿಟ್ಟು. ಹಳಸಿದ್ದಕ್ಕ ದನದ ಬಾನಿ. ಮುಗ್ಗಲ ಹಿಡದದ್ದು ದನಕ್ಕೂ ಇಲ್ಲ, ತಿಪ್ಪಿಗೆ. ಆಮ್ಯಾಲೆ ಬಟ್ಟು ಅದ್ದಿ ಎಳಿ ಬರತೈತೇನು ನೋಡೂದು. ಎಳಿ ಬಂದ್ರ ಲೋಳಿ ಆಗೈತಿ ಅಂತ. ನಾಲಿಗಿ ಎಲ್ಲಾಕ್ಕಿಂತ ಕೊನಿಗೆ.

ಅಮೆರಿಕಾದ ಪಟ್ಟಿಯೊಳಗ ಕಿವಿಗೆ ಒಂದು ಅಂಕಾನೂ ಇಲ್ಲ, ನೋಡ್ರಿ.

ಬಂದ ಹಿಟ್ಟನ್ನ ಕುದಿಯೂ ನೀರಿಗೆ ಬಿಟ್ಟು ಗಂಟಾಗದಂಗ ತಿರುವಿ, ಆರಿದ ಮ್ಯಾಲೆ ಮಜ್ಜಿಗಿ, ಉಪ್ಪು, ಜಜ್ಜಿದ ಬಳ್ಳೊಳ್ಳಿ, ಜೀರಗಿ. ಕಡಿಯಾಕ ಉಳ್ಳಾಗಡ್ಡಿ. ಶಿರಹಟ್ಟಿಯ ನಮ್ಮ ವೈನಿ ಇದಕ್ಕ ಕೊತಂಬರಿ ಹೆಚ್ಚಿ ಹಾಕತಾರ, ಲಕ್ಷ್ಮೇಶ್ವರದ ಅತ್ತಿ ಕೊತಂಬರಿ ಹಾಕಿದ್ರ ಹುಳಿ ವಾಸನಿ ಮುಚ್ಚಿ ಹೋಗತೈತಿ ಅಂತ ಸಿಟ್ಟಾಗತಾರ. ನಾ ಅತ್ತಿ ಕಡೆ. ಬೀದರ ಸೀಮೆಯೊಳಗ ಎಳ್ಳ ಅಮಾಸಿಗೆ ಹೊಲದಾಗ ಈ ಹುಳಿ ಅಂಬಲಿ ಇಲ್ಲದ ಚರಗಾನೇ ಇಲ್ಲ. ಅಲ್ಲೆ ಅದು ಹಬ್ಬದ ಅಡಗಿ. ನಮ್ಮಲ್ಲೆ ಯಾಕೋ ಬಡವರ ಊಟ ಆತು.

ಅಂಬಲಿಗೂ ಬಿಯರಿಗೂ ಇರೂ ಫರಕು ಇಷ್ಟು. ಅಂಬಲ್ಯಾಗ ಹೆಚ್ಚಿನ ಕೆಲಸ ಮೊಸರಿನ ಜಾತಿಯ ಜೀವಾಣುಗಳದು, ಅವು ಹುಳಿ ಮಾಡತಾವ. ಮ್ಯಾಲೆ ನಾವು ಅದನ್ನ ಕುದಸತೇವಿ. ಬಿಯರಿನ್ಯಾಗ ಕೆಲಸ ಈಸ್ಟಿಂದು, ಅದು ಮದ್ಯಸಾರ ಮಾಡತೈತಿ, ಗೋಧಿ ಬಿಯರಿನ್ಯಾಗ ಅದು ನೂರಕ್ಕ ಐದರ ಆಸುಪಾಸು. ಅಮಲಿನ ಲೆಕ್ಕದಾಗ ಇದು ದೊಡ್ಡ ಫರಕು. ಆದ್ರ ಅದನ್ನ ನೋಡಿಕೊಳ್ಳೂ ಮೂಗು, ಬಟ್ಟು, ತಾಳ್ಮಿ ಎರಡಕ್ಕೂ ಒಂದ.

ಹಂಗಾದ್ರ ನಮ್ಮ ಮನಿ ಹೆಣ್ಣಮಕ್ಕಳು ಹುಳಿ ಗಡಿಗಿ ಬಗ್ಗೆ ನಾಲ್ಕು ಮಂದ್ಯಾಗ ಹೇಳಾಕ ಯಾಕ ನಾಚಗೊಂಡ್ರು? ಬಡತನದ ಹೆಸರು ಒಂದು ಕಾರಣ. ಇನ್ನೊಂದು ಕಾರಣ ಸೆರೆ ಅಂತ ನನ್ನ ಎಣಿಕಿ. ಇಂಗ್ರೇಜರು 1878ರಾಗ ಮುಂಬೈ ಅಬಕಾರಿ ಕಾಯ್ದೆ ತಂದ್ರು. ಗದಗ, ಮುಂಡರಗಿ ಅವರ ಧಾರವಾಡ ಜಿಲ್ಲೆಯೊಳಗ. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿದು. ಕಾಯ್ದೆ ಬಂದ ಮ್ಯಾಲೆ ಸೆರೆ ಅನ್ನೂದು ಗುತ್ತಿಗಿದಾರರ ಕೈಗೆ, ಸರಕಾರದ ವರಮಾನಕ್ಕ ಹೋತು. ಸ್ವಾತಂತ್ರ್ಯ ಬಂದ ಕೂಡ್ಲೆ 1949ರ ಮುಂಬೈ ಪಾನನಿಷೇಧ ಕಾಯ್ದೆ ಬಂತು, ಮುಂದ ಅದೂ ಸಡಲಾತು. ಪಾಕೀಟ ಸಾರಾಯಿ ಕಾಲ ನಾವೆಲ್ಲಾರೂ ಕಣ್ಣಾರೆ ನೋಡೇವಿ. ನಮ್ಮ ಓಣ್ಯಾಗ ಒಬ್ಬ ಅಕ್ಕ ಗಂಡ ಕುಡದು ಬಂದ ರಾತ್ರಿ ನಮ್ಮ ಅಡಗಿಮನ್ಯಾಗ ಬಂದು ಕುಂದರತಿದ್ಲು. ನಮ್ಮವ್ವ ಹುಳಿ ಅಂಬಲಿ ಮುಂದ ಇಟ್ರ ಆ ವಾಸನಿಗೆ ಆಕಿ ಗ್ಲಾಸು ದೂರ ಸರಿಸಿದ್ದು ನನಗಿನ್ನೂ ಕಣ್ಣ ಮುಂದೈತಿ. ಆಕಿ ಸಲುವಾಗೇ ನಮ್ಮವ್ವ ಕೆಲವು ವರ್ಷ ಗಡಿಗಿ ಅಟ್ಟದ ಮ್ಯಾಲೆ ಇಟ್ಲು. 2007ರ ಜುಲೈ 1ರಿಂದ ಕರ್ನಾಟಕದಾಗ ಸಾರಾಯಿ ಬಂದಾತು, ಬಾಟಲಿ ಬಂದಾಗಲಿಲ್ಲ. 2019ರ ಜನೇವರಿಯೊಳಗ ಸಾವಿರಾರು ಹೆಣ್ಣಮಕ್ಕಳು ಮದ್ಯ ನಿಷೇಧ ಮಾಡ್ರಿ ಅಂತ ಚಿತ್ರದುರ್ಗದಿಂದ ಬೆಂಗಳೂರ ತನಕ ನಡಕೊಂಡು ಹೋದ್ರು. ಬಾಳಿಹಣ್ಣಿನ ವಾಸನಿ ಹಿಡಿಯೂ ಗ್ಲಾಸೂ ಅದ ಬೆಂಗಳೂರಾಗ, ಆ ಕಾಲು ಬೊಬ್ಬಿ ಎದ್ದ ಹೆಣ್ಣಮಕ್ಕಳೂ ಅದ ಬೆಂಗಳೂರಾಗ. ನಾ ಗೋಧಿ ಬಿಯರಿನ ಇತಿಹಾಸ ಬರದೆ ಅಂತ ಮನ್ಯಾಗ ಯಾರೂ ಅದನ್ನ ಮಾಡಾಕ ಹೋಗಬ್ಯಾಡ್ರಿ. ಪರವಾನಗಿ ಇಲ್ಲದ ಮದ್ಯ ಮನ್ಯಾಗ ಮಾಡೂದು ಇವತ್ತಿಗೂ ಅಪರಾಧ, ಮತ್ತ ನಮಗ ಅದು ಬೇಕಾಗೂ ಇಲ್ಲ.

ನನ್ನ ತಕರಾರು ಬ್ಯಾರೆ. ಬವೇರಿಯಾದೋರು ತಮ್ಮ ಹುಳಿ-ನೊರಿ ವಿದ್ಯಾಕ್ಕ ಕಟ್ಟಳೆ, ಹಕ್ಕುಪತ್ರ, ಅಂಕಪಟ್ಟಿ ಎಲ್ಲಾ ಮಾಡಿದ್ರು. ನಮ್ಮ ಆಯಿಯ ‘ಬಂದೈತಿ’, ‘ಏರೈತಿ’ ಯಾವ ಪುಸ್ತಕಕ್ಕೂ ಹೋಗಲಿಲ್ಲ. ನಮ್ಮವ್ವಗ ಅದರೊಳಗ ಮೂರು ಶಬ್ದ ಗೊತ್ತಿದ್ವು. ನನಗೆ ಎಲ್ಲಾ ಗೊತ್ತು, ಆದ್ರ ‘ಏರೈತಿ’ಗೂ ‘ಹಳಸೈತಿ’ಗೂ ನಡುವಿನ ಗೆರಿ ಎಲ್ಲಿ ಅಂತ ಆಕಿಯಂಗ ಕಣ್ಣು ಮುಚ್ಚಿ ಹೇಳಾಕ ಬರೂದಿಲ್ಲ. ನಮ್ಮ ತಂಗಿ ಮಗಳಿಗೆ ಲವಂಗದ ವಾಸನಿ ಹಿಡಿಯಾಕ ಬರತೈತಿ, ಮುಗ್ಗಲ ಅಂದ್ರ ಏನಂತ ಗೊತ್ತಿಲ್ಲ.

ಈ ಸಲ ಕುರಡಗಿಗೆ ನಾ ಜವೆಗೋಧಿ ಹಾಕಬೇಕಂತ ಮಾಡೇನಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದೋರು ಡಿಡಿಕೆ 1025, ಡಿಡಿಕೆ 1029 ಅಂತ ಗಿಡ್ಡ ತಳಿ ಮಾಡ್ಯಾರ, ಗಾಳಿಗೆ ಮಲಗೂದು ಕಡಿಮಿ. ಜವೆಗೋಧಿ ಕುರಡಗಿಗೆ ಕೆಂಪು ಬಣ್ಣ ಬರತೈತಿ, ಹಾಲೂ ಕಡಿಮಿ ಬೀಳತೈತಿ ಅಂತ ಲಕ್ಷ್ಮೇಶ್ವರದ ಅತ್ತಿ ಈಗಾಗಲೇ ಮೂಗು ಮುರದಾರ. ನೆನಿ ಇಡೋ ದಿನ ಮುಂಚೇನ ತಿಳಸ್ತೀನಿ. ಮೂರನೇ ದಿನ ಮುಂಜಾನೆ ಬಿಸಲು ಏರೂಕಿಂತ ಮೊದಲು ಬರ್ರಿ. ಬಂದೋರು ಪಾತೇಲಿಗೆ ಮೊದಲು ಕಿವಿ ಕೊಡಬೇಕು, ಆಮ್ಯಾಲೆ ಮೂಗು.